ಮೊದಲು ಇನ್ಸುಲಿನ್ ಸಿಗಲಿ

ಮಲೇರಿಯಾದ ಮಾತ್ರೆ ಸಕ್ಕರೆ ಕಾಯಿಲೆಯನ್ನೂ ಗುಣಪಡಿಸೀತು ಎಂಬ ಸುದ್ದಿ 2016ರ ಕೊನೆಯಲ್ಲಿ ಜಗತ್ತಿನ ಪತ್ರಿಕೆಗಳಲ್ಲಿ ಬಂತು. ವಿಯೆನ್ನಾದ ಸ್ಟೆಫಾನ್ ಕುಬಿಚೆಕ್ ತಂಡ ‘ಸೆಲ್’ ಪತ್ರಿಕೆಯಲ್ಲಿ ಬರೆದ ಲೇಖನ ಅದಕ್ಕೆ ಆಧಾರ. ಆರ್ಟೆಮೆಥರ್ ಎಂಬ ಆ ಮಲೇರಿಯಾ ಔಷಧ ಮೇದೋಜೀರಕ ಗ್ರಂಥಿಯ ಆಲ್ಫಾ ಕೋಶಗಳನ್ನು ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳತ್ತ ತಿರುಗಿಸುತ್ತದೆ ಎಂದು ಆ ತಂಡ ವಾದಿಸಿತ್ತು.

ಬಳಿಕ ಅಮೆರಿಕದ ವಿಜ್ಞಾನಿಗಳು ಇದನ್ನು ಪರೀಕ್ಷೆಗೆ ಒಡ್ಡಿದರು. ಆಲ್ಫಾ ಕೋಶ ಬೀಟಾ ಆದದ್ದಕ್ಕೆ ಅವರಿಗೆ ಪುರಾವೆ ಸಿಗಲಿಲ್ಲ. ಬದಲಿಗೆ, ಇದ್ದ ಬೀಟಾ ಕೋಶಗಳಲ್ಲೇ ಇನ್ಸುಲಿನ್ ಜೀನಿನ ಚಟುವಟಿಕೆ ನೂರು ಪಟ್ಟಿಗೂ ಹೆಚ್ಚು ಕುಸಿದಿತ್ತು. ಸುದ್ದಿ ಹರಡಿದಷ್ಟು ದೂರ ಈ ತಿದ್ದುಪಡಿ ಹರಡಲಿಲ್ಲ.

ಭರವಸೆಯೇ ಇಲ್ಲವೆಂದಲ್ಲ. ಚೀನಾದ ತಿಯಾನ್‌ಜಿನ್‌ನಲ್ಲಿ 2023ರಲ್ಲಿ ಟೈಪ್ 1 ಸಕ್ಕರೆ ಕಾಯಿಲೆಯಿದ್ದ 25 ವರ್ಷದ ಮಹಿಳೆಯೊಬ್ಬರ ಕೊಬ್ಬಿನ ಅಂಗಾಂಶದ ಕೋಶಗಳನ್ನು ರಾಸಾಯನಿಕಗಳಿಂದಲೇ ಕಾಂಡಕೋಶಗಳಾಗಿಸಿ, ಅವುಗಳಿಂದ ಇನ್ಸುಲಿನ್ ಕೋಶಗುಚ್ಛ ಬೆಳೆಸಿ ಹೊಟ್ಟೆಯ ಭಾಗಕ್ಕೆ ಸೇರಿಸಲಾಯಿತು. 75 ದಿನಗಳ ನಂತರ ಆಕೆಗೆ ಇನ್ಸುಲಿನ್ ಚುಚ್ಚಿಕೊಳ್ಳುವ ಅಗತ್ಯ ಬೀಳಲಿಲ್ಲ. ಆದರೆ ಆಕೆ ಯಕೃತ್ತಿನ ಕಸಿಗಾಗಿ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ಮೊದಲೇ ಸೇವಿಸುತ್ತಿದ್ದರು; ಹೊಸ ಕೋಶಗಳ ಮೇಲೆ ದೇಹ ದಾಳಿ ಮಾಡದಿರಲು ಅದೂ ಕಾರಣವಿರಬಹುದು. ಒಬ್ಬರ ಫಲಿತಾಂಶವನ್ನು ಎಲ್ಲರ ಚಿಕಿತ್ಸೆಯೆಂದು ಮಾರುವುದು ವಂಚನೆ.

ಅಂಥ ಮಾತು ನಂಬಿ ಟೈಪ್ 1 ಇರುವ ಮಗು ಇನ್ಸುಲಿನ್ ಬಿಟ್ಟರೆ ಕೆಲವೇ ದಿನಗಳಲ್ಲಿ ರಕ್ತದಲ್ಲಿ ಆಮ್ಲ ಏರಿ ಜೀವಕ್ಕೇ ಕುತ್ತು ಬರುತ್ತದೆ. ಸಕ್ಕರೆ ಕಾಯಿಲೆ ಗುಣಪಡಿಸುತ್ತೇವೆಂಬ ಜಾಹೀರಾತನ್ನು ಔಷಧ ಜಾಹೀರಾತುಗಳ ಕುರಿತ ಭಾರತದ 1954ರ ಕಾಯ್ದೆ ನಿಷೇಧಿಸಿದೆ. ರಕ್ತದ ಕೆಲವು ಕಾಯಿಲೆಗಳನ್ನು ಬಿಟ್ಟರೆ, ಅನುಮೋದಿತ ಪ್ರಯೋಗದ ಹೊರಗೆ ಕಾಂಡಕೋಶ ಚಿಕಿತ್ಸೆ ಕೂಡದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2017ರ ಮಾರ್ಗಸೂಚಿಯಲ್ಲಿ ಹೇಳಿದೆ. ಹೊಸಪೇಟೆಯಲ್ಲಾಗಲಿ ಕಂಪ್ಲಿಯಲ್ಲಾಗಲಿ ಇಂಥ ಜಾಹೀರಾತು ಫಲಕ ಎದ್ದರೆ, ಯಾರಾದರೂ ದೂರು ಕೊಡಲಿ ಎಂದು ಅಧಿಕಾರಿಗಳು ಕಾಯಬಾರದು.

ಜಾಹೀರಾತು ತಡೆದ ಮಾತ್ರಕ್ಕೆ ಮಗುವಿಗೆ ಔಷಧ ಸಿಕ್ಕಂತಾಗುವುದಿಲ್ಲ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು. ಹಂಪಿಯ ಬಂಡೆಗಳು ಕಾದು ಕೆಂಡವಾಗುವ ಏಪ್ರಿಲ್‌ನಲ್ಲಿ, ಕರೆಂಟು ಹೋಗುವ ಊರಿನಲ್ಲಿ, ಫ್ರಿಜ್ ಇಲ್ಲದ ಮನೆಯವರು ಏನು ಮಾಡಬೇಕು? ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆ ಇಟ್ಟು, ನಡುವೆ ಮರಳು ತುಂಬಿ, ದಿನವೂ ನೀರು ಚಿಮುಕಿಸಿ, ಬಳಕೆಯಲ್ಲಿರುವ ಶೀಶೆಯನ್ನು ನೀರು ತಾಗದ ಡಬ್ಬಿಯಲ್ಲಿ ಒಳಗಿಟ್ಟರೆ ಬಿಸಿಲಿನ ಹೊಡೆತ ತಗ್ಗುತ್ತದೆ. ಇದನ್ನು ಹೇಳಿಕೊಡಲು ಆಶಾ ಕಾರ್ಯಕರ್ತೆಯರಿಗೆ ತರಬೇತಿ ಬೇಕು; ಸಕ್ಕರೆ ಅಳೆಯುವ ಪಟ್ಟಿಗಳು ಪುಕ್ಕಟೆ ಸಿಗಬೇಕು.

ಹಣ ಎಲ್ಲಿಂದ ಎಂದು ಕೇಳುವವರು ಸಂಡೂರಿನ ಗುಡ್ಡಗಳತ್ತ ನೋಡಲಿ. ಅಲ್ಲಿ ಅಗೆದ ಅದಿರಿನ ಬಾಬ್ತು ಗಣಿ ಕಂಪನಿಗಳು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಹಣ ಕಟ್ಟಬೇಕೆಂಬುದು 2015ರ ಕಾನೂನು. ಆ ಹಣವನ್ನು ಮೊದಲು ಬಳಸಬೇಕಾದ ಕ್ಷೇತ್ರಗಳಲ್ಲಿ ಆರೋಗ್ಯವೂ ಒಂದು. ಕೇರಳದ ‘ಮಿಠಾಯಿ’ ಯೋಜನೆ ಟೈಪ್ 1 ಮಕ್ಕಳಿಗೆ ಇನ್ಸುಲಿನ್ ಪೆನ್ನು, ಪಟ್ಟಿ, ಆಪ್ತಸಲಹೆ ಎಲ್ಲವನ್ನೂ ಉಚಿತವಾಗಿ ಕೊಡುತ್ತದೆ. ಕಾಸರಗೋಡಿನ ಕನ್ನಡದ ಮಕ್ಕಳಿಗೂ ಅದು ಅನ್ವಯಿಸುತ್ತದೆ. ಬಳ್ಳಾರಿ, ವಿಜಯನಗರ ಜಿಲ್ಲೆಗಳ ಪ್ರತಿಷ್ಠಾನಗಳು ಮುಂದಿನ ಸಭೆಯಲ್ಲೇ ಇಂಥ ಯೋಜನೆಗೆ ಹಣ ತೆಗೆದಿಟ್ಟು, ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಟೈಪ್ 1 ಮಕ್ಕಳ ನೋಂದಣಿ ಆರಂಭಿಸಲಿ.