ಅಪ್ಪನ ಕಸುಬು ಪ್ರಬಂಧದಲ್ಲಿ ಯಾಕಿಲ್ಲ?

‘ನನ್ನ ತಂದೆ’ ಎಂದು ಪ್ರಬಂಧ ಬರೆಸಿ ನೋಡಿ. ಮೂವತ್ತು ವಹಿಗಳಲ್ಲಿ ಒಬ್ಬರೇ ತಂದೆ ಸಿಗುತ್ತಾರೆ. ಬೇಗ ಏಳುತ್ತಾರೆ, ಕಷ್ಟಪಟ್ಟು ದುಡಿಯುತ್ತಾರೆ, ನನ್ನನ್ನು ಪ್ರೀತಿಸುತ್ತಾರೆ. ಏನು ಕೆಲಸ, ಅದನ್ನು ಹೇಗೆ ಮಾಡುತ್ತಾರೆ ಎಂಬುದು ಮಾತ್ರ ಇರುವುದಿಲ್ಲ. ಸೊಲ್ಲಾಪುರದಂಥ ಮಗ್ಗದ ಊರಿನಲ್ಲೂ ಇದೇ ಕತೆ.

ಶೆಲ್ಲಿ ಕ್ಲೈನ್ ಎಂಬ ಲೇಖಕಿ ತಂದೆಯ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ‘ದಿ ಸೀ-ಥ್ರೂ ಹೌಸ್’ 2020ರಲ್ಲಿ ಬಂತು. ತಂದೆ ಬರ್ನಾಟ್ ಕ್ಲೈನ್ (1922–2014) ಬಟ್ಟೆಯ ವಿನ್ಯಾಸಕಾರರು. ಈಗಿನ ಸರ್ಬಿಯಾದಲ್ಲಿ ಯಹೂದಿ ಮನೆತನದಲ್ಲಿ ಹುಟ್ಟಿ, ಸ್ಕಾಟ್ಲೆಂಡಿನ ಉಣ್ಣೆ ಗಿರಣಿಗಳ ಸೀಮೆಯಲ್ಲಿ ನೆಲೆ ನಿಂತವರು. ಒಂದೇ ಎಳೆಯಲ್ಲಿ ಹಲವು ಬಣ್ಣ ತರಿಸಿ, ಮೊಹೇರ್ ನೂಲಿನ ಜತೆಗೆ ಮಖಮಲ್ಲಿನ ಪಟ್ಟಿ ಸೇರಿಸಿ ನೇಯಿಸುತ್ತಿದ್ದರು. 1960ರ ದಶಕದಲ್ಲಿ ಪ್ಯಾರಿಸಿನ ಶನೆಲ್ ಅವರ ಬಟ್ಟೆ ಕೊಂಡಿತು.

ವಾಸ್ತುಶಿಲ್ಪಿ ಪೀಟರ್ ವೊಮರ್ಸ್ಲಿ 1957ರಲ್ಲಿ ಅವರಿಗೆ ಕಟ್ಟಿಕೊಟ್ಟ ಮನೆ ಹೈ ಸಂಡರ್‌ಲ್ಯಾಂಡ್. ಒಂದೇ ಅಂತಸ್ತು, ಚಪ್ಪಟೆ ಮಾಳಿಗೆ, ಎಲ್ಲೆಲ್ಲೂ ಗಾಜು. ವಯಸ್ಸಾದ ತಂದೆಯ ಜತೆಗಿರಲು ಮಗಳು ಮರಳಿ ಬಂದಾಗ ಸೊಪ್ಪಿನ ಕುಂಡಗಳನ್ನು ತಂದಳು. ಮನೆಯ ಅಂದ ಕೆಡುತ್ತದೆಂದು ತಂದೆಗೆ ಅವು ಬೇಡ! ಮಗಳು ಈ ಜಗಳವನ್ನೂ ಬರೆದಿದ್ದಾಳೆ, ಪ್ರೀತಿಯನ್ನೂ ಬರೆದಿದ್ದಾಳೆ. ಬಣ್ಣಕ್ಕೆ, ಗೆರೆಗೆ ಅಷ್ಟು ಹಟ ಹಿಡಿಯುವ ಮನುಷ್ಯ ಎಂಥವರೆಂದು ನಮಗೆ ತಿಳಿಯುವುದು ಅದರಿಂದಲೇ. ‘ನನ್ನ ತಂದೆ ಒಳ್ಳೆಯವರು’ ಎಂದಷ್ಟೇ ಬರೆದಿದ್ದರೆ ಏನು ತಿಳಿಯುತ್ತಿತ್ತು?

ಗಾಜಿನ ಮನೆಯೆಲ್ಲಿ, ನಮ್ಮ ಮಕ್ಕಳ ಎರಡು ಖೋಲಿಯೆಲ್ಲಿ ಎಂದು ಕೇಳಬಹುದು. ಅಂತರ ಇದೆ, ನಿಜ. ಆದರೆ ಸೊಲ್ಲಾಪುರದ ಜಕಾರ್ಡ್ ಚಾದರದ ಹಿಂದೆಯೂ ವಿನ್ಯಾಸಕಾರ ಇದ್ದಾನೆ. ಚೌಕುಳಿ ಕಾಗದದ ಮೇಲೆ ಹೂವು ಬರೆಯಬೇಕು, ಅದರಂತೆ ರಟ್ಟಿನ ಪಟ್ಟಿಗೆ ತೂತು ಹೊಡೆಯಬೇಕು. ಹಾಸಿನ ಯಾವ ಎಳೆ ಏಳಬೇಕೆಂದು ಹೇಳುವುದು ಆ ತೂತು. ಒಂದು ತಪ್ಪಿದರೆ ಹೂವು ಕೆಟ್ಟಿತು. ಇದು ಲೆಕ್ಕವೂ ಹೌದು, ಚಿತ್ರಕಲೆಯೂ ಹೌದು.

‘ಕೂಲಿ ಅಂತ ಬರೀಬ್ಯಾಡ, ಮರ್ಯಾದಿ ಹೋಗತದ’ ಎನ್ನುವ ಪಾಲಕರಿದ್ದಾರೆ. ಅವರ ನೋವು ಅರ್ಥವಾಗುತ್ತದೆ. ಆದರೆ ಮಗು ಬರೆಯದೆ ಹೋದರೆ ಆ ಕೈಚಳಕಕ್ಕೆ ಸಾಕ್ಷಿ ಯಾರು? ಹಾಸು, ಹೊಕ್ಕು, ಲಾಳಿ ಎಂಬ ಮಾತುಗಳು ವಹಿಗೆ ಬಾರದಿದ್ದರೆ ಕನ್ನಡ ಶಾಲೆ ಕಲಿಸುವ ಕನ್ನಡ ಯಾರದು?

ಶಿಕ್ಷಕ ಬಂಧುಗಳೇ, ಮುಂದಿನ ಸಲ ವಿಷಯ ಬದಲಿಸಿ: ‘ನನ್ನ ತಂದೆ ಅಥವಾ ತಾಯಿ ಕೆಲಸ ಮಾಡುವ ರೀತಿ’. ಮಕ್ಕಳು ಕೇಳಿ, ನೋಡಿ ಬರೆಯಲಿ. ಮನೆಯ ಮಾತಿನಲ್ಲಿ ಮರಾಠಿ, ತೆಲುಗು ಬೆರೆತಿದ್ದರೆ ಹಾಗೇ ಇರಲಿ. ಕೆಂಪು ಮಸಿಯಿಂದ ಹೊಡೆದುಹಾಕಬೇಡಿ.