ಮಂಟಪ ನೋಡೋಕೆ ಊರೆಲ್ಲ, ಹೊಳೆದಂಡೆಯವರಿಗೆ ಹೇಳೋರಿಲ್ಲ

ತುಂಗೆ ಮೈತುಂಬಿದಳು ಅಂದರೆ ಶಿವಮೊಗ್ಗದವರ ಬಾಯಲ್ಲಿ ಒಂದೇ ಮಾತು: "ಮಂಟಪ ಮುಳುಗ್ತಾ?" ಗಾಂಧಿ ಬಜಾರಿನ ಅಂಗಡಿಯವರು ಬೆಳಿಗ್ಗೆ ಷಟರ್ ಎತ್ತುವ ಮೊದಲೇ ಇದನ್ನು ಕೇಳಿರುತ್ತಾರೆ. ಬಸ್ಸು ಸೇತುವೆ ಹತ್ತಿದರೆ ಒಂದು ಕಡೆಯವರೆಲ್ಲ ಕಿಟಕಿಗೆ ಮೂಗು ಒತ್ತುತ್ತಾರೆ, ನಿಂತವರು ಕೂತವರ ತಲೆಯ ಮೇಲೆ ಬಗ್ಗುತ್ತಾರೆ, ಕಂಡಕ್ಟರು ಚಿಲ್ಲರೆ ಕೊಡುವುದನ್ನೂ ಮರೆಯುತ್ತಾನೆ. ಕೋರ್ಪಲಯ್ಯನ ಛತ್ರದ ಹತ್ತಿರ ಹೊಳೆಯೊಳಗೆ ನಿಂತ ಆ ಕಲ್ಲಿನ ಮಂಟಪವೇ ಊರಿಗೆ ಅಳತೆಗೋಲು. ತೀರ್ಥಹಳ್ಳಿಯವರಿಗೆ ಅವರ ರಾಮಮಂಟಪ ಇದ್ದ ಹಾಗೆ. ಮುಳುಗಿತು ಅಂದರೆ ಸಂಸಾರ ಸಮೇತ ನೋಡಲು ಹೋಗುವುದು, ಜೋಳ ತಿನ್ನುವುದು, ಫೋಟೋ ಹೊಡೆದುಕೊಳ್ಳುವುದು. ತಪ್ಪೇನಿಲ್ಲ.

ಆದರೆ ಮಂಟಪ ನೋಡುವುದು ಹಗಲಿನ ಕೆಲಸ. ಹೊಳೆ ಏರುವುದು ಹಗಲಲ್ಲೇ ಅಂತ ಯಾರೂ ಬರೆದುಕೊಟ್ಟಿಲ್ಲ. ಅದು ರಾತ್ರಿ ಒಂದು ಗಂಟೆಗೂ ಏರುತ್ತದೆ, ಆ ಹೊತ್ತಿನಲ್ಲಿ ದಂಡೆಯ ಮೇಲೆ ಕೂತವರೂ ಇರುತ್ತಾರೆ.

ಈ ಸಲದ ಮಘೆ ಮಳೆಯ ಒಂದು ಶನಿವಾರದ ಸಂಗತಿ. ನಾಲ್ಕು ಜನ ಸ್ನೇಹಿತರು. ಒಬ್ಬರು ಕಿರಾಣಿ ಅಂಗಡಿಯವರು, ಐವತ್ತು ದಾಟಿದವರು, ಮಿಕ್ಕ ಮೂವರಿಗೂ ಅವರು 'ಅಣ್ಣ'. ಇನ್ನೊಬ್ಬ ಖಾಸಗಿ ಬಸ್ಸಿನ ಕಂಡಕ್ಟರು, ಮತ್ತೊಬ್ಬ ಟೈಲರು, ನಾಲ್ಕನೆಯವನು ಗ್ಯಾರೇಜಿನ ಹುಡುಗ. ಎಂಟೂವರೆಗೆ ಅಂಗಡಿ ಬಾಗಿಲು ಎಳೆದು, ಎರಡು ಬೈಕಿನಲ್ಲಿ ಊರಿಂದ ಆರೇಳು ಮೈಲಿ ಆಚೆ ಕೂಡ್ಲಿ ಕಡೆಯ ತೋಟದ ದಾರಿಯಲ್ಲಿ ಹೊಳೆಗಿಳಿದರು. ಇದು ಅವರಿಗೆ ಹೊಸದಲ್ಲ. ಹತ್ತು ಹದಿನೈದು ವರ್ಷದಿಂದ ನಡೆದು ಬಂದ ವ್ರತ. ಮನೆಯಾಕೆ "ಮಾರ್ಕೆಟಲ್ಲಿ ಮೀನು ಸಿಗಲ್ವಾ?" ಎಂದು ಕೇಳಿದ್ದಕ್ಕೆ ಅಣ್ಣನವರು ಇವತ್ತಿನವರೆಗೂ ಉತ್ತರ ಕೊಟ್ಟಿಲ್ಲ. ಅವರ ಮನೆಯಲ್ಲಿ ಶ್ರಾವಣ ಬೇರೆ. ಹಿಡಿದ ಮೀನು ಹೊಸಿಲು ದಾಟುವಂತಿಲ್ಲ. ಆದರೂ ಹೋಗುತ್ತಾರೆ!

ಜಡಿಮಳೆ. ಕಂಬಳಿ ಕೊಪ್ಪೆ ಅಣ್ಣನಿಗೆ, ಪ್ಲಾಸ್ಟಿಕ್ ಕೊಪ್ಪೆ ಉಳಿದವರಿಗೆ. ತೆಂಗಿನ ಚಿಪ್ಪಿನಲ್ಲಿ ಎರೆಹುಳ, ಇನ್ನೊಂದು ಡಬ್ಬಿಯಲ್ಲಿ ಶೇಂಗಾ ಹಿಂಡಿ ಹಾಕಿ ನಾದಿದ ಗೋಧಿಹಿಟ್ಟು. ಮೂರು ಬಿದಿರು ಕೋಲು, ಜೊತೆಗೆ ಗ್ಯಾರೇಜಿನವನು ಸಾಲ ಮಾಡಿ ತಂದ ಫೈಬರ್ ಕೋಲು. ಕತ್ತಲಲ್ಲಿ ಬೆಂಡು ಕಾಣುವುದಿಲ್ಲ, ಹಾಗಾಗಿ ಕೋಲಿನ ತುದಿಗೆ ಗೆಜ್ಜೆ. ಮೀನು ಎಳೆದರೆ ಗೆಜ್ಜೆ ಆಡಬೇಕು. ಆ ರಾತ್ರಿ ಮೊದಲ ಎರಡು ಗಂಟೆ ಆಡಿದ್ದು ಮಳೆಹನಿಗೆ, ಆಮೇಲೆ ಏಡಿಗೆ. ಹುಳ ತಿಂದು ಬರಿ ಗಾಳ ಬಿಟ್ಟುಕೊಡುವುದರಲ್ಲಿ ಹೊಳೆ ಏಡಿಯನ್ನು ಮೀರಿಸಿದವರಿಲ್ಲ. ಬೆಂಕಿಪೊಟ್ಟಣ ಒದ್ದೆ, ಬೀಡಿ ಒದ್ದೆ, ಮಂಡಕ್ಕಿ ಮೆತ್ತಗೆ. ಕಾಲಿಗೆ ಉಂಬಳ. ಬೆರಳು ಮರಗಟ್ಟಿ ಗಾಳಕ್ಕೆ ಹುಳ ಚುಚ್ಚಲು ಆಗದೆ ಟೈಲರು ಒದ್ದಾಡುವುದನ್ನು ಕಂಡು, "ಇಷ್ಟು ವರ್ಷ ಸೂಜಿಗೆ ದಾರ ಪೋಣಿಸಿದ್ದು ಎಂತಕ್ಕೆ ಬಂತು ಮಾರಾಯ" ಎಂದು ಕಂಡಕ್ಟರು ನಕ್ಕ. ಫ್ಲಾಸ್ಕಿನ ಚಹಾ ಹನ್ನೊಂದಕ್ಕೇ ಮುಗಿಯಿತು.

ಮಳೆಗಾಲದಲ್ಲಿ ಯಾಕೆ ಹೋಗಬೇಕು ಎಂದು ಬೆಚ್ಚಗೆ ಮಲಗಿದವರು ಕೇಳಬಹುದು. ಕಾರಣ ಉಂಟು. ಹೊಳೆ ಕೆಂಪಾಗಿ ನಡುವೆ ಸೆಳವು ಹೆಚ್ಚಿದಾಗ ಮೀನು ಸೆಳವು ತಪ್ಪಿಸಿಕೊಂಡು ದಂಡೆಯ ನಿಂತ ನೀರಿಗೆ ಬರುತ್ತದೆ. ಕೆಸರಲ್ಲಿ ಕಣ್ಣು ಕಾಣದೆ ವಾಸನೆ ಹಿಡಿದು ಮೇವು ಹುಡುಕುತ್ತದೆ. ಎರೆಹುಳಕ್ಕೆ ಅದೇ ಕಾಲ. ಬಾಳೆ ಮೀನು, ಹಾವುಮೀನು ಇವೆಲ್ಲ ರಾತ್ರಿ ಸಂಚಾರಿಗಳು. ಅಂದರೆ ಮೀನು ಕಚ್ಚುವ ಜಾಗವೂ ಹೊಳೆ ಏರಿದರೆ ಮೊದಲು ಮುಳುಗುವ ಜಾಗವೂ ಒಂದೇ. ಇಲ್ಲೇ ಇರುವುದು ಅಪಾಯ.

ಅಣ್ಣನಿಗೆ ಒಂದು ಹಳೆಯ ಅಭ್ಯಾಸ. ಕೂತ ತಕ್ಷಣ ನೀರಂಚಿಗೆ ಒಂದು ಕೋಲು ನೆಟ್ಟು, ಕತ್ತಿಯಿಂದ ಗೇಣಿಗೊಂದು ಗೆರೆ ಕೊರೆಯುವುದು. ಅರ್ಧ ಗಂಟೆಗೊಮ್ಮೆ ಬ್ಯಾಟರಿ ಬಿಟ್ಟು ನೋಡುವುದು. ಹುಡುಗರು ಇದಕ್ಕೆ ನಗುತ್ತಿದ್ದರು. ಆ ರಾತ್ರಿ ಒಂದು ಗಂಟೆಗೆ ನೋಡಿದಾಗ ಮೊದಲ ಗೆರೆ ಇರಲಿಲ್ಲ. ಒಂದೂಕಾಲಕ್ಕೆ ಎರಡನೆಯದೂ ಇಲ್ಲ. ಅಲ್ಲಿ ಬಿದ್ದ ಮಳೆ ಅಷ್ಟೇನೂ ಹೆಚ್ಚಿರಲಿಲ್ಲ, ಸದ್ದೂ ಇರಲಿಲ್ಲ. ಅದೇ ಹೊತ್ತಿಗೆ ಗ್ಯಾರೇಜಿನವನ ಗೆಜ್ಜೆ ಜೋರಾಗಿ ಆಡಬೇಕೆ!

"ಅಣ್ಣಾ, ಹತ್ತೇ ನಿಮಿಷ, ಈಗ ಕಚ್ಚಿದೆ."

"ಏಳೋ ಮೇಲಕ್ಕೆ! ಗೆಜ್ಜೆ ಕಟ್ಕೊಂಡು ಕುಣಿಯೋಕೆ ಬಂದಿಲ್ಲ ಇಲ್ಲಿ."

ಎದ್ದರು. ತೋಟದವರ ಪಂಪ್‌ಸೆಟ್ ಮನೆಯ ಜಗಲಿಯಲ್ಲಿ ನಾಲ್ವರೂ ಒಂದೇ ಕಂಬಳಿಯೊಳಗೆ ಮುದುಡಿ ಬೆಳಗು ಮಾಡಿದರು. ಬೆಳಕು ಹರಿದಾಗ ರಾತ್ರಿ ಕೂತಿದ್ದ ಬಂಡೆ ಕಾಣಲಿಲ್ಲ. ಅದರ ಮೇಲೆ ಕೆಂಪು ನೀರು ಸುತ್ತುತ್ತಿತ್ತು. ಫ್ಲಾಸ್ಕು ಹೋಯಿತು, ಸಾಲದ ಫೈಬರ್ ಕೋಲೂ ಹೋಯಿತು. ರಾತ್ರಿಯ ಗಳಿಕೆ ಒಂದೂವರೆ ಕೆ.ಜಿ.ಯ ಒಂದು ಗೌರಿ, ಎರಡು ಹಾವುಮೀನು. ಶ್ರಾವಣದ ದೆಸೆಯಿಂದ ಗೌರಿ ಕಂಡಕ್ಟರ ಮನೆ ಸೇರಿತು.

ಇದು ಯಾವ ಪತ್ರಿಕೆಯಲ್ಲೂ ಬರುವ ಸುದ್ದಿಯಲ್ಲ. ಯಾರೂ ಸಾಯಲಿಲ್ಲವಲ್ಲ! ಸತ್ತಿದ್ದರೆ ನಾಲ್ಕು ಫೋಟೋ, ಎರಡು ಹೇಳಿಕೆ, ಒಂದು ತನಿಖೆ ಆಗುತ್ತಿತ್ತು.

ಹೊಳೆಯ ಲೆಕ್ಕ ಸ್ವಲ್ಪ ಅರ್ಥ ಮಾಡಿಕೊಳ್ಳಬೇಕು. ಭದ್ರಾ ಅಣೆಕಟ್ಟಿನಲ್ಲಿ ಎಪ್ಪತ್ತೊಂದು ಟಿಎಂಸಿಗೂ ಮಿಕ್ಕಿ ನೀರು ನಿಲ್ಲುತ್ತದೆ, ತುಂಬಲು ವಾರಗಟ್ಟಲೆ ಬೇಕು, ತಗ್ಗಿನವರಿಗೆ ಸಾವಕಾಶ ಸಿಗುತ್ತದೆ. ತುಂಗೆಗೆ ಗಾಜನೂರಿನಲ್ಲಿರುವ ಜಾಗ ಮೂರೂ ಚಿಲ್ಲರೆ ಟಿಎಂಸಿ ಮಾತ್ರ. ಮಳೆಗಾಲದ ಮೊದಲ ಭಾಗದಲ್ಲೇ ಅದು ತುಂಬಿರುತ್ತದೆ. ಆಮೇಲೆ ಶೃಂಗೇರಿ, ಆಗುಂಬೆ, ತೀರ್ಥಹಳ್ಳಿ ಕಡೆ ಸುರಿದದ್ದೆಲ್ಲ ಬಂದ ಹಾಗೇ ಹೊರಗೆ ಹೋಗಬೇಕು. ಗೇಟು ಎತ್ತುವವರನ್ನು ಬೈದು ಪ್ರಯೋಜನವಿಲ್ಲ, ಅವರಿಗೆ ಬೇರೆ ದಾರಿಯಿಲ್ಲ. ಶಿವಮೊಗ್ಗದಲ್ಲಿ ಆಕಾಶ ತಿಳಿಯಾಗಿದ್ದರೂ ಹೊಳೆ ಏರುತ್ತದೆ ಎಂಬುದು ಇದರಿಂದಲೇ. ಗಾಳ ಹಾಕಿ ಕೂತವನು ತನ್ನ ತಲೆಯ ಮೇಲಿನ ಮೋಡ ನೋಡುತ್ತಾನೆ. ನೀರು ಬರುವುದು ಆಗುಂಬೆಯ ಮೋಡದಿಂದ.

ಎಚ್ಚರಿಕೆ ಕೊಡುವುದಿಲ್ಲವೇ? ಕೊಡುತ್ತಾರೆ. "ನದಿಪಾತ್ರದ ಜನರು ಸುರಕ್ಷಿತ ಸ್ಥಳಗಳಿಗೆ ತೆರಳತಕ್ಕದ್ದು" ಎಂಬ ಧಾಟಿಯ ಪ್ರಕಟಣೆ ಪತ್ರಿಕೆಗಳಿಗೆ ಬರುತ್ತದೆ, ಅಚ್ಚಾಗುತ್ತದೆ, ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಮಾರಾಟವಾಗುತ್ತದೆ. ರಾತ್ರಿ ಒಂದು ಗಂಟೆಗೆ ಹೊಳೆದಂಡೆಯಲ್ಲಿ ಅದೇ ಪತ್ರಿಕೆಯಲ್ಲಿ ಮಂಡಕ್ಕಿ ಕಟ್ಟಿಕೊಂಡು ಕೂತವನು ಓದುವುದು ಯಾವಾಗ? ಅಣೆಕಟ್ಟಿನ ಬಳಿ ಸೈರನ್ ಕೂಗಿದರೂ ಹತ್ತು ಹದಿನೈದು ಮೈಲಿ ಕೆಳಗಿನವನ ಕಿವಿಗೆ ಅದು ಮುಟ್ಟುವುದಿಲ್ಲ.

"ಹೋಗು ಅಂತ ಅವರಿಗೆ ಯಾರು ಹೇಳಿದ್ದು?" ಎಂದು ಕೇಳುವವರಿದ್ದಾರೆ. ಸರಿ, ಗಾಳದವರನ್ನು ಬಿಡಿ. ಹೊಳೆ ಏರಿದರೆ ಪಂಪ್‌ಸೆಟ್ ಮೇಲಕ್ಕೆ ಎಳೆಯಲು ನಡುರಾತ್ರಿ ಇಳಿಯುವ ರೈತನಿಗೂ ಯಾರೂ ಹೋಗು ಅನ್ನುವುದಿಲ್ಲ, ಮೋಟಾರು ಅವನದು. ಬೆಳಗಿನ ಜಾವ ಬಟ್ಟೆ ಗಂಟು ಹೊತ್ತು ಹೋಗುವವರಿಗೆ, ದಡದಲ್ಲಿ ದನ ಕಟ್ಟಿದವರಿಗೆ? ಎಲ್ಲರಿಗೂ ಬೇಕಾದ್ದು ಒಂದೇ ಸುದ್ದಿ: ನೀರು ಎಷ್ಟು ಹೊತ್ತಿಗೆ, ಎಷ್ಟು ಬರುತ್ತದೆ.

ಸುದ್ದಿ ಮುಟ್ಟದಿದ್ದರೆ ಏನಾಗುತ್ತದೆ ಎಂಬುದನ್ನು ದೇಶ ನೋಡಿದೆ. 2014ರ ಜೂನ್ 8ರಂದು ಹಿಮಾಚಲ ಪ್ರದೇಶದ ಬಿಯಾಸ್ ನದಿಯಲ್ಲಿ ಲಾರ್ಜಿ ಜಲವಿದ್ಯುತ್ ಯೋಜನೆಯಿಂದ ನೀರು ಬಿಟ್ಟಾಗ, ಬಂಡೆಗಳ ಮೇಲೆ ಫೋಟೋ ತೆಗೆಸಿಕೊಳ್ಳುತ್ತಿದ್ದ ಹೈದರಾಬಾದಿನ 24 ಇಂಜಿನಿಯರಿಂಗ್ ವಿದ್ಯಾರ್ಥಿಗಳು ಕೊಚ್ಚಿಹೋದರು. ಅದು ಹಗಲು ಹೊತ್ತು, ಕಣ್ಣಿಗೆ ಕಾಣುವ ಬೆಳಕಿತ್ತು. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ತುರ್ತು ಕ್ರಿಯಾ ಯೋಜನೆ ಇರಬೇಕು ಅನ್ನುತ್ತದೆ. ಯೋಜನೆ ಫೈಲಿನಲ್ಲಿದ್ದರೆ ಫೈಲು ಮುಳುಗುವುದಿಲ್ಲ, ಅಷ್ಟೇ.

ಆಗಬೇಕಾದ್ದು ದೊಡ್ಡ ಖರ್ಚಿನದೇನಲ್ಲ. 2023ರಲ್ಲಿ ಸರ್ಕಾರ ಪರೀಕ್ಷೆಗೆಂದು ಮೊಬೈಲುಗಳನ್ನೆಲ್ಲ ಒಂದೇ ಸಲ ಕಿರುಚಿಸಿತ್ತಲ್ಲ, ಅಂಗಡಿಯಲ್ಲಿ ತಕ್ಕಡಿ ಹಿಡಿದವರು ಬೆಚ್ಚಿಬಿದ್ದಿದ್ದರು. ಅದೇ ಕಿರುಚಾಟ ಹೊಳೆದಂಡೆಯ ಟವರುಗಳಿಗೆ, ಗೇಟು ಎತ್ತುವ ಮುಂಚೆ, ಕನ್ನಡದಲ್ಲಿ, ರಾತ್ರಿಯೂ ಬರಲಿ. ಗಾಜನೂರಿನಿಂದ ಕೂಡ್ಲಿಯವರೆಗೆ ಜನ ನೀರಿಗಿಳಿಯುವ ಜಾಗ ಯಾವುವು ಎಂಬುದು ಆಯಾ ಪಂಚಾಯ್ತಿಯವರಿಗೆ ಗೊತ್ತೇ ಇದೆ. ಅಲ್ಲಲ್ಲಿ ಅಡಿ ಲೆಕ್ಕ ಬರೆದ ಕಲ್ಲುಕಂಬ ನೆಡಲಿ. ಬೇಸಿಗೆಯಲ್ಲಿ ನೆಟ್ಟರೆ ಮಳೆಗಾಲಕ್ಕೆ ಒದಗುತ್ತದೆ. ಮಳೆಗಾಲದಲ್ಲಿ ಟೆಂಡರ್ ಕರೆದರೆ ಬಿಲ್ಲಿಗೆ ಮಾತ್ರ ಒದಗುತ್ತದೆ.

ಗಾಳದವರಿಗೂ ಎರಡು ಮಾತು ಹೇಳಬೇಕು. ಎಲ್ಲ ತಂಡದಲ್ಲೂ ಅಣ್ಣ ಇರುವುದಿಲ್ಲ. ಎಷ್ಟೋ ತಂಡದಲ್ಲಿ ಗಾಳಕ್ಕಿಂತ ಮೊದಲು ಬಾಟಲಿ ಬಿಚ್ಚುತ್ತದೆ. ಚಳಿಗೆ ಅಂತ ಕುಡಿದವನಿಗೆ ಚಳಿ ಗೊತ್ತಾಗುವುದಿಲ್ಲ, ಕಾಲ ಕೆಳಗಿನ ನೀರೂ ಗೊತ್ತಾಗುವುದಿಲ್ಲ. ಸಿಕ್ಕಿಕೊಂಡ ಎಂಟಾಣೆ ಗಾಳ ಬಿಡಿಸಲು ಗಮ್‌ಬೂಟು ಹಾಕಿಕೊಂಡು ಸೊಂಟದ ನೀರಿಗೆ ಇಳಿಯುವ ಶೂರರೂ ಇದ್ದಾರೆ. ಬೂಟಿಗೆ ನೀರು ತುಂಬಿದರೆ ಈಜು ಬಲ್ಲವನಿಗೂ ಕಷ್ಟ. ಒಂದು ಹಗ್ಗ ಒಯ್ಯುವವರನ್ನು ಕಾಣುವುದು ಅಪರೂಪ.

ಇನ್ನು ಜೂನ್ ತಿಂಗಳ ಹತ್ತುಮೀನಿನ ವಿಷಯ. ಮೊದಲ ಮಳೆಗೆ ಮೊಟ್ಟೆ ಇಡಲು ಹಳ್ಳ ಹತ್ತಿ ಗದ್ದೆಗೆ ಬರುವ ಮೀನನ್ನು ಕತ್ತಿಯಲ್ಲಿ ಕಡಿಯುವುದು ಗಾಳದ ಆಟವಲ್ಲ, ಬಿತ್ತನೆ ಬೀಜ ತಿಂದ ಹಾಗೆ. ತೋಟೆ ಹಾಕುವವರದು ಅದಕ್ಕಿಂತ ಕಡೆ. ತೋಟೆ, ವಿಷ ಎರಡನ್ನೂ 1897ರ ಕಾನೂನೇ ನಿಷೇಧಿಸಿದೆ. ಹಾಗಿದ್ದೂ 1996ರಲ್ಲಿ ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ದೇವರ ಮೀನುಗಳಿಗೇ ವಿಷ ಹಾಕಿದ ಕೈಗಳಿದ್ದವು. ರಾತ್ರಿ ಹೊತ್ತು ಹೊಳೆಯಲ್ಲಿ 'ಢಂ' ಎಂದದ್ದು ಮೊದಲು ಕೇಳಿಸುವುದು ಗಾಳ ಹಾಕಿ ಕೂತವರಿಗೇ. ಯಾರಿಗೆ ಫೋನ್ ಮಾಡಬೇಕು ಎಂಬ ಒಂದು ನಂಬರನ್ನು ಆ ಕಲ್ಲುಕಂಬದ ಮೇಲೆಯೇ ಬರೆದರೆ ಮೀನುಗಾರಿಕೆ ಇಲಾಖೆಗೆ ಸಂಬಳವಿಲ್ಲದ ಕಾವಲುಗಾರರು ಸಿಕ್ಕಂತೆ.

ಸದ್ಯಕ್ಕೆ ಕಂಬವೂ ಇಲ್ಲ, ನಂಬರೂ ಇಲ್ಲ. ಅಣ್ಣನ ಅಂಗಡಿಯಲ್ಲಿ ಅಕ್ಕಿಮೂಟೆಯ ಪಕ್ಕ ಹೊಸ ಕೋಲೊಂದು ಒರಗಿದೆ. ಈ ಸಲ ಗೇಣಿಗೊಂದಲ್ಲ, ನಾಲ್ಕು ಬೆರಳಿಗೊಂದು ಗೆರೆ. ಬ್ಯಾಟರಿ ಬೆಳಕಿಗೆ ಕಾಣಲಿ ಎಂದು ಗ್ಯಾರೇಜಿನ ಹುಡುಗ ಬಿಳಿ ಬಣ್ಣ ಬಳಿದುಕೊಟ್ಟಿದ್ದಾನೆ.