ಹೇಳದೆ ಕೇಳದೆ ಆರುವ ಯಂತ್ರ

ಮನೆಯಲ್ಲಿ ಒಂದು ವಸ್ತು ಕೆಟ್ಟಿತೆಂದರೆ ಮೊದಲು ಹುಡುಕುವುದು ದೋಷವನ್ನಲ್ಲ, ದೋಷಿಯನ್ನು. ಗಡಿಯಾರ ನಿಂತರೆ ಅದಕ್ಕೆ ಕಡೆಯ ಸಲ ಕೈ ಹಚ್ಚಿದವರು ಯಾರೆಂಬ ಪ್ರಶ್ನೆ ಏಳುತ್ತದೆ. ರೇಡಿಯೋ ಗೊರಗೊರ ಎಂದರೆ ಅದರ ತಿರುಗಣೆಯನ್ನು ತಿರುವಿದವರ ಮೇಲೆ ಎಲ್ಲರ ಕಣ್ಣು ಹೊರಳುತ್ತದೆ. ಇಂದಿನ ಸಂಸಾರಗಳಲ್ಲಿ ಇಂಥ ವಿಚಾರಣೆಗೆ ಹೆಚ್ಚಾಗಿ ಗುರಿಯಾಗುವ ವಸ್ತು ಕಂಪ್ಯೂಟರು. ಹೆಚ್ಚಾಗಿ ಗುರಿಯಾಗುವ ಆರೋಪಿ ಆ ಮನೆಯ ಕಿರಿಯ ಮಗ. ಯಾದಗಿರಿ, ಶಹಾಪುರ, ಸುರಪುರಗಳಂಥ ಬಿಸಿಲೂರುಗಳಲ್ಲಿ ಬೇಸಿಗೆ ಬಂದಾಗಲೆಲ್ಲ ಈ ವಿಚಾರಣೆ ನಡೆಯಬಹುದಾದದ್ದೇ. ಅಂಥ ಒಂದು ಸಂಸಾರವನ್ನು ಓದುಗರು ಕಣ್ಣ ಮುಂದೆ ತಂದುಕೊಂಡರೆ ವಿಷಯ ಸುಲಭವಾಗಿ ತಿಳಿದೀತು.

ಮನೆ ಇರುವುದು ಶಹಾಪುರದಲ್ಲಿ. ದೂರದಿಂದ ನೋಡುವವರಿಗೆ ಮಲಗಿದ ಬುದ್ಧನಂತೆ ತೋರುವ ಬೆಟ್ಟಸಾಲು ಆ ಊರಿಗೆ ಹೆಸರು ತಂದಿದೆ. ಆದರೆ ಬೇಸಿಗೆಯಲ್ಲಿ ಹಗಲೆಲ್ಲ ಬಿಸಿಲು ಕುಡಿದ ಆ ಬಂಡೆಗಳು ಸಂಜೆ ಅದನ್ನೇ ಊರಿಗೆ ಹಿಂದಿರುಗಿಸುತ್ತವೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಮಾನ ೪೦ ಡಿಗ್ರಿ ಸೆಲ್ಸಿಯಸ್ ದಾಟುವುದು ಈ ಸೀಮೆಗೆ ಹೊಸ ಸಂಗತಿಯಲ್ಲ. ಮನೆಯ ಯಜಮಾನರು ಹೈಸ್ಕೂಲಿನ ಶಿಕ್ಷಕರು. ಮಗಳು ಬಿ.ಎಡ್. ಮುಗಿಸಿ ನೌಕರಿಯ ಅರ್ಜಿಗಳನ್ನು ತುಂಬುತ್ತಿದ್ದಾಳೆ; ಮಗ ಪಿ.ಯು.ಸಿ. ಓದುತ್ತಿದ್ದಾನೆ. ಮಹಡಿಯ ಕೋಣೆಯಲ್ಲಿ ಏಳು ವರ್ಷದ ಕಂಪ್ಯೂಟರು. ಎರೆಮಣ್ಣಿನ ಧೂಳು ಬೀಳದಿರಲೆಂದು ಅದಕ್ಕೆ ತಾಯಿ ತಾವೇ ಹೊಲಿದು ಹೊದಿಸಿದ ಬಟ್ಟೆಯ ಗವಸು.

ಈ ಯಂತ್ರ ಹೇಳದೆ ಕೇಳದೆ ಆರತೊಡಗಿತು. ಮೊದಲು ವಾರಕ್ಕೊಮ್ಮೆ, ಬಳಿಕ ದಿನಕ್ಕೆರಡು ಸಲ. ಮಗಳು ಅರ್ಧ ತುಂಬಿದ ಅರ್ಜಿ ಎರಡು ಬಾರಿ ಮಾಯವಾಯಿತು. ಅರ್ಜಿಯ ಕಡೆಯ ದಿನಕ್ಕೆ ಇನ್ನು ಹತ್ತೇ ದಿನ. ಯಜಮಾನರಿಗೆ ಸಂಶಯವೇ ಉಳಿಯಲಿಲ್ಲ. ಮಗನ ಆಟಗಳೇ ಯಂತ್ರವನ್ನು ಕೆಡಿಸಿವೆ ಎಂದು ತೀರ್ಪು ಕೊಟ್ಟರು. "ನಾ ಏನೂ ಮಾಡಿಲ್ಲಪ್ಪಾ," ಎಂದು ಹುಡುಗ ಹೇಳಿದ ಮಾತಿಗೆ ಸಾಕ್ಷಿಯಿರಲಿಲ್ಲ. ಅಂದಿನಿಂದ ತಂದೆ ಮಗನ ನಡುವೆ ಮಾತು ಕಡಿಮೆಯಾಯಿತು.

೨೦೧೦ರಲ್ಲಿ ಜಿಲ್ಲಾ ಕೇಂದ್ರವಾದ ಯಾದಗಿರಿಯಲ್ಲಿ ದುರಸ್ತಿಯ ಅಂಗಡಿಗಳಿಗೆ ಕೊರತೆಯಿಲ್ಲ. ಯಜಮಾನರು ಪೆಟ್ಟಿಗೆಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಅಲ್ಲಿಗೆ ಒಯ್ದರು. ಅಂಗಡಿಯವನು ಪಕ್ಕದ ತಗಡನ್ನು ಬಿಚ್ಚಿ, ಯಂತ್ರವನ್ನು ಫ್ಯಾನಿನ ಕೆಳಗಿನ ಮೇಜಿನ ಮೇಲಿಟ್ಟು ಬೆಳಗಿನಿಂದ ಸಂಜೆಯವರೆಗೆ ನಡೆಸಿದ. ಅದು ಒಮ್ಮೆಯೂ ಆರಲಿಲ್ಲ. ವೈದ್ಯರ ಮನೆಯ ಹೊಸ್ತಿಲು ದಾಟಿದೊಡನೆ ಜ್ವರ ಇಳಿದ ಮಗುವಿನಂತೆ ಯಂತ್ರ ನಿರೋಗಿಯಾಗಿತ್ತು. ಮರುದಿನ ಶಹಾಪುರದಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಅದು ಮತ್ತೆ ಆರಿತು.

ಅರ್ಜಿಯ ಅವಸರದಲ್ಲಿದ್ದ ಮಗಳು ಪೆಟ್ಟಿಗೆಯನ್ನು ಸುರಪುರದ ಕಾಕಾನ ಮನೆಗೆ ಒಯ್ದಳು. ತಮ್ಮನೂ ಜೊತೆಗೆ ಹೋದ. ೧೮೪೦ರ ದಶಕದಲ್ಲಿ ಇಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಕಟ್ಟಿಸಿದ ಬಂಗಲೆ ಸುರಪುರದ ಗುಡ್ಡದ ಮೇಲೆ ಇಂದಿಗೂ ನಿಂತಿದೆ. ಕೆಳಗಿನ ಓಣಿಗಳ ಹಳೆಯ ಮನೆಗಳಲ್ಲಿಯೂ ದಪ್ಪ ಕಲ್ಲಿನ ಗೋಡೆಗಳುಂಟು. ಕಾಕಾನ ಮನೆ ಅಂಥದು. ನೆಲಮಟ್ಟದ ತಂಪು ಕೋಣೆಯಲ್ಲಿ ಕಾಕಾ ತಮ್ಮ ಕಂಪ್ಯೂಟರಿಗೆಂದು ಇಟ್ಟುಕೊಂಡಿದ್ದ ಚಿಕ್ಕ ಯು.ಪಿ.ಎಸ್.ಗೆ ಇದನ್ನು ಜೋಡಿಸಿದರು. ಅರ್ಜಿ ಒಂದೇ ಕೂಡ್ರಿಕೆಯಲ್ಲಿ ಮುಗಿಯಿತು. ಬಳಿಕ ಕಾಕಾ ಹುಡುಗನನ್ನು ಕರೆದು, "ಆಡಪಾ ನಿನ್ನ ಆಟ, ನಾ ನೋಡ್ತೀನಿ," ಎಂದರು. ಒಂದು ತಾಸು ಆಟ ನಡೆಯಿತು, ಯಂತ್ರ ಆರಲಿಲ್ಲ. "ಅಕ್ಕಾ, ಇಲ್ಲಿ ಛಲೋ ನಡೀತದ, ನಮ್ಮನ್ಯಾಗ ಯಾಕ ನಿಲ್ತದ?" ಎಂದು ಹುಡುಗ ಕೇಳಿದ.

ಇಡೀ ಪ್ರಕರಣದಲ್ಲಿ ಯಾರೂ ಅಲ್ಲಿಯವರೆಗೆ ಕೇಳದ ಪ್ರಶ್ನೆ ಅದು. ಯಂತ್ರದೊಳಗಿನ ಆಟಗಳು, ಕಡತಗಳು, ಕಾರ್ಯಕ್ರಮಗಳು ಎಲ್ಲವೂ ಅದೇ ಪೆಟ್ಟಿಗೆಯಲ್ಲಿ ಮೂರು ಊರು ಸುತ್ತಿದ್ದವು. ದೋಷ ಆಟಗಳಲ್ಲಿದ್ದರೆ ಅದೂ ಯಾದಗಿರಿಗೆ ಹೋಗಬೇಕಿತ್ತು, ಸುರಪುರಕ್ಕೆ ಬರಬೇಕಿತ್ತು. ರೋಗಿಯೊಡನೆ ರೋಗ ಪ್ರಯಾಣ ಮಾಡದಿದ್ದರೆ ರೋಗಿಯನ್ನಷ್ಟೇ ಪರೀಕ್ಷಿಸಿ ಫಲವಿಲ್ಲ. ಅವನು ಮಲಗುವ ಕೋಣೆಯನ್ನೂ ಪರೀಕ್ಷಿಸಬೇಕು.

ಊರಿಗೆ ಮರಳಿದ ಮಗಳು ಒಂದು ಹಳೆಯ ನೋಟುಪುಸ್ತಕದಲ್ಲಿ ಗೆರೆ ಎಳೆದು ಐದು ಕಲಮುಗಳನ್ನು ಮಾಡಿದಳು. ಯಂತ್ರ ಆರಿದ ವೇಳೆ ಯಾವುದು? ಆಗ ನಡೆಯುತ್ತಿದ್ದ ಕೆಲಸ ಯಾವುದು? ಆರುವ ಮೊದಲು ಒಳಗಿನ ಫ್ಯಾನಿನ ಸದ್ದು ಹೆಚ್ಚಿತ್ತೇ? ಮನೆಯ ದೀಪ ಮಿಣುಕಿತೇ? ಕೂಡಲೇ ಮತ್ತೆ ಹಚ್ಚಿದರೆ ಎಷ್ಟು ಹೊತ್ತು ನಿಂತಿತು? ಒಂದು ವಾರದಲ್ಲಿ ಹನ್ನೊಂದು ಸಾಲುಗಳು ತುಂಬಿದವು. ಅವುಗಳನ್ನು ಓದಿದಾಗ ತಿಳಿದದ್ದೇನೆಂದರೆ, ರೋಗ ಒಂದಲ್ಲ, ಎರಡು.

ಮೊದಲನೆಯದು ಮಧ್ಯಾಹ್ನದ ರೋಗ. ಆರುವ ಮೊದಲು ಹತ್ತು ನಿಮಿಷ ಫ್ಯಾನು ಭೋರೆನ್ನುತ್ತಿತ್ತು, ಕೆಲಸ ನಿಧಾನವಾಗುತ್ತಿತ್ತು. ಕೂಡಲೇ ಹಚ್ಚಿದರೆ ಐದು ನಿಮಿಷದಲ್ಲಿ ಮತ್ತೆ ಆರುತ್ತಿತ್ತು. ಇದು ಉಷ್ಣದ ಲಕ್ಷಣ. ಕಂಪ್ಯೂಟರಿನ ಮಿದುಳೆನಿಸಿದ ಪ್ರೊಸೆಸರು ತನ್ನ ಉಷ್ಣಮಾನವನ್ನು ತಾನೇ ಅಳೆಯುತ್ತಿರುತ್ತದೆ. ಅನೇಕ ಪ್ರೊಸೆಸರುಗಳಲ್ಲಿ ಅದು ೧೦೦ ಡಿಗ್ರಿಯ ಹತ್ತಿರ ಬಂದೊಡನೆ ಯಂತ್ರ ಮೊದಲು ತನ್ನ ವೇಗವನ್ನು ತಗ್ಗಿಸುತ್ತದೆ. ಅದರಿಂದಲೂ ಬಿಸಿ ಇಳಿಯದಿದ್ದರೆ ವಿದ್ಯುತ್ತನ್ನೇ ಕಡಿದುಕೊಳ್ಳುತ್ತದೆ. ಇದು ಕೆಡುಕಲ್ಲ, ಆತ್ಮರಕ್ಷಣೆ. ಈ ರಕ್ಷಣೆ ಇಲ್ಲದಿದ್ದರೆ ಏನಾಗುತ್ತಿತ್ತೆಂಬುದು ೨೦೦೧ರಲ್ಲಿ ಪ್ರಸಿದ್ಧವಾದ ಒಂದು ಪ್ರಯೋಗದಿಂದ ತಿಳಿಯಿತು. ನಡೆಯುತ್ತಿದ್ದ ಯಂತ್ರಗಳಿಂದ ಬಿಸಿ ಹೀರುವ ಲೋಹದ ತುಂಡನ್ನು ಕಿತ್ತಾಗ, ರಕ್ಷಣೆಯಿದ್ದ ಪ್ರೊಸೆಸರು ನಿಧಾನವಾಗಿ ಬದುಕಿತು. ಇಲ್ಲದ್ದು ಕ್ಷಣಗಳಲ್ಲಿ ಹೊಗೆಯಾಡಿ ಸುಟ್ಟಿತು.

ಯಂತ್ರದ ಫ್ಯಾನು ತಂಪನ್ನು ಹುಟ್ಟಿಸುವುದಿಲ್ಲ, ಕೋಣೆಯ ಗಾಳಿಯನ್ನು ಬೀಸುತ್ತದೆ ಅಷ್ಟೆ. ೨೫ ಡಿಗ್ರಿಯ ಕೋಣೆಯಲ್ಲಿ ೭೫ಕ್ಕೆ ಏರುವ ಪ್ರೊಸೆಸರು, ೪೨ ಡಿಗ್ರಿಯ ಕೋಣೆಯಲ್ಲಿ ಅದೇ ಕೆಲಸಕ್ಕೆ ೯೨ರ ಆಸುಪಾಸಿಗೆ ಹೋಗುತ್ತದೆ. ಅದರ ಮೇಲೆ ಏಳು ವರ್ಷದ ಧೂಳು ಲೋಹದ ಎಸಳುಗಳ ನಡುವೆ ಕಂಬಳಿಯಂತೆ ಕುಳಿತಿದ್ದರೆ, ಪ್ರೊಸೆಸರಿಗೂ ಲೋಹಕ್ಕೂ ನಡುವೆ ಸವರಿದ್ದ ಬಿಸಿ ಸಾಗಿಸುವ ಲೇಪ ಒಣಗಿದ್ದರೆ, ಉಳಿದ ಎಂಟು ಡಿಗ್ರಿ ದಾಟಲು ಎಷ್ಟು ಹೊತ್ತು ಬೇಕು? ಯಾದಗಿರಿಯಲ್ಲಿ ತಗಡು ತೆಗೆದಿತ್ತು, ಮೇಲೆ ಫ್ಯಾನಿತ್ತು. ಸುರಪುರದಲ್ಲಿ ಕಲ್ಲಿನ ಗೋಡೆಯ ತಂಪಿತ್ತು. ಶಹಾಪುರದ ಮಹಡಿಯಲ್ಲಿದ್ದುದು ಕಾದ ಮಾಳಿಗೆ, ಗೋಡೆಗೆ ಒತ್ತಿದ ಪೆಟ್ಟಿಗೆ, ಅದರ ಮೇಲೆ ತಾಯಿಯ ಪ್ರೀತಿಯ ಗವಸು. ಧೂಳು ತಡೆಯಲೆಂದು ಹೊದಿಸಿದ ಗವಸು, ಯಂತ್ರ ನಡೆಯುವಾಗಲೂ ಮೇಲಿದ್ದುದರಿಂದ, ಗಾಳಿಯನ್ನೇ ತಡೆದಿತ್ತು.

ಇದಕ್ಕೆ ಪರಿಹಾರ ಮನೆಯಲ್ಲೇ ಉಂಟು. ಯಂತ್ರವನ್ನು ಆರಿಸಿ, ಪ್ಲಗ್ಗನ್ನು ಕಿತ್ತು, ತಗಡು ಬಿಚ್ಚಿ, ಮೃದುವಾದ ಒಣ ಕುಂಚದಿಂದ ಧೂಳು ತೆಗೆಯಬೇಕು. ಗಾಳಿ ಊದುವುದಾದರೆ ಫ್ಯಾನಿನ ಎಸಳುಗಳನ್ನು ಬೆರಳಿನಿಂದ ಹಿಡಿದುಕೊಂಡಿರಬೇಕು. ಗಾಳಿಯ ರಭಸಕ್ಕೆ ಅದು ವಿಪರೀತ ತಿರುಗಿದರೆ ಕೆಡುವುದುಂಟು. ಒದ್ದೆ ಬಟ್ಟೆ ಸಲ್ಲದು. ಪೆಟ್ಟಿಗೆಯನ್ನು ಗೋಡೆಯಿಂದ ಅರ್ಧ ಅಡಿ ದೂರ ಸರಿಸಬೇಕು. ಒಣಗಿದ ಲೇಪವನ್ನು ಬದಲಿಸುವ ಕೆಲಸವನ್ನು ಬಲ್ಲವರಿಗೆ ಬಿಡುವುದು ಲೇಸು. ಗವಸು ಯಂತ್ರ ಆರಿ ತಣಿದ ಮೇಲೆ ಮಾತ್ರ.

ಎರಡನೆಯದು ಸಂಜೆಯ ರೋಗ. ಅಲ್ಲಿ ಫ್ಯಾನಿನ ಸದ್ದಿಲ್ಲ, ಮುನ್ಸೂಚನೆಯಿಲ್ಲ. ದೀಪ ಒಮ್ಮೆ ಮಿಣುಕಿದೊಡನೆ ಪರದೆ ಕಪ್ಪಾಗುತ್ತಿತ್ತು. ಹಚ್ಚಿದರೆ ತಾಸುಗಟ್ಟಲೆ ನಡೆಯುತ್ತಿತ್ತು. ಇದು ವಿದ್ಯುತ್ತಿನ ಲಕ್ಷಣ. ಮನೆಗೆ ಬರಬೇಕಾದ ವಿದ್ಯುತ್ತು ೨೩೦ ವೋಲ್ಟಿನದು. ನಿಯಮ ಒಪ್ಪುವ ಏರಿಳಿತ ನೂರಕ್ಕೆ ಆರು, ಎಂದರೆ ೨೧೬ರಿಂದ ೨೪೪ರ ಒಳಗೆ. ಮುಸ್ಸಂಜೆಯಲ್ಲಿ ದೀಪ, ಕೂಲರು, ಮೋಟಾರುಗಳೆಲ್ಲ ಒಮ್ಮೆಗೇ ಎದ್ದಾಗ ವೋಲ್ಟೇಜು ಕುಸಿಯುವುದೂ ಕರೆಂಟು ಕಣ್ಣು ಮಿಟುಕಿಸುವುದೂ ಉಂಟು. ಕಂಪ್ಯೂಟರಿಗೆ ವಿದ್ಯುತ್ತನ್ನು ಹದಗೊಳಿಸಿ ಉಣಿಸುವ ಎಸ್.ಎಂ.ಪಿ.ಎಸ್. ಎಂಬ ಪೆಟ್ಟಿಗೆಯಲ್ಲಿ ಅಲ್ಪ ಕೂಡಿಟ್ಟ ಶಕ್ತಿಯಿರುತ್ತದೆ. ಅದು ತಡೆದು ನಿಲ್ಲುವುದು ಸುಮಾರು ೧೬ ಮಿಲಿಸೆಕೆಂಡು, ಎಂದರೆ ಕಣ್ಣೆವೆ ಮುಚ್ಚಿ ತೆರೆಯುವುದಕ್ಕಿಂತಲೂ ಎಷ್ಟೋ ಕಡಿಮೆ.

ಆ ಮನೆಯಲ್ಲಿ ಇನ್ವರ್ಟರು ಇದ್ದೇ ಇತ್ತು. ಹಾಗಿದ್ದೂ ಯಂತ್ರ ಆರಿದ್ದೇಕೆ? ಅನೇಕ ಇನ್ವರ್ಟರುಗಳ ಹಿಂಬದಿಯಲ್ಲಿ ಎರಡು ಸ್ಥಾನಗಳ ಒಂದು ಗುಂಡಿ ಇರುತ್ತದೆ. ಒಂದು ಯು.ಪಿ.ಎಸ್. ಸ್ಥಾನ, ಅಲ್ಲಿ ವೋಲ್ಟೇಜು ತುಸು ಇಳಿದರೂ ಇನ್ವರ್ಟರು ತಡಮಾಡದೆ ಬ್ಯಾಟರಿಗೆ ಹಾರುತ್ತದೆ. ಇನ್ನೊಂದು ಸಾಧಾರಣ ಸ್ಥಾನ. ಅಲ್ಲಿ ಅದು ತೀರ ಇಳಿದ ವೋಲ್ಟೇಜನ್ನೂ ಹಾಗೆಯೇ ಒಳಗೆ ಬಿಡುತ್ತದೆ, ಹಾರುವಾಗಲೂ ನಿಧಾನಿಸುತ್ತದೆ. ಫ್ಯಾನಿಗೂ ದೀಪಕ್ಕೂ ಆ ನಿಧಾನ ಲೆಕ್ಕಕ್ಕಿಲ್ಲ. ಕಂಪ್ಯೂಟರಿಗೆ ಅದೇ ಮರಣಕ್ಷಣ. ಮಗಳು ಟಾರ್ಚು ಹಿಡಿದು ನೋಡಿದಾಗ ಗುಂಡಿ ಸಾಧಾರಣ ಸ್ಥಾನದಲ್ಲಿತ್ತು. ಅದನ್ನು ಅಲ್ಲಿಗೆ ತಳ್ಳಿದವರು ಯಾರು? ತಾಯಿಗೆ ನೆನಪಿತ್ತು. ಸಂಜೆಯಾದೊಡನೆ ಬ್ಯಾಟರಿ ಬರಿದಾಗುತ್ತದೆಂದು ಬೇಸತ್ತು, ಯುಗಾದಿಯ ಮುಂಚೆ ಯಜಮಾನರೇ ಅದನ್ನು ತಿರುಗಿಸಿದ್ದರು.

ಅವರು ಮಾಡಿದ್ದು ತಪ್ಪೆಂದು ಹೇಳಲಾಗದು. ಬ್ಯಾಟರಿಯ ದೃಷ್ಟಿಯಿಂದ ಅದು ವಿವೇಕವೇ. ಆದುದರಿಂದ ಗುಂಡಿಯನ್ನು ಹಿಂದಕ್ಕೆ ತಿರುಗಿಸದೆ, ಕಾಕಾನ ಮನೆಯಲ್ಲಿದ್ದಂತೆ ಕಂಪ್ಯೂಟರಿಗಷ್ಟೇ ಒಂದು ಚಿಕ್ಕ ಯು.ಪಿ.ಎಸ್. ಇಡುವುದು ಅವರಿಗೆ ತಕ್ಕ ದಾರಿ. ಅದರ ಬ್ಯಾಟರಿಯೂ ಬಿಸಿಲಿಗೆ ಬೇಗ ಮುದಿಯಾಗುತ್ತದೆ. ಆಗಾಗ ಕೆಲಸವನ್ನು ಉಳಿಸಿ, ಗೋಡೆಯ ಸ್ವಿಚ್ಚನ್ನು ಆರಿಸಿ, ಯಂತ್ರ ಎಷ್ಟು ನಿಮಿಷ ನಿಲ್ಲುತ್ತದೆಂದು ನೋಡುತ್ತಿರಬೇಕು. ಒಡನೆಯೇ ಆರಿದರೆ ಆ ಬ್ಯಾಟರಿ ಹೆಸರಿಗೆ ಮಾತ್ರ ಇದೆಯೆಂದು ತಿಳಿಯಬೇಕು.

ಉಷ್ಣವೂ ಅಲ್ಲ, ಕರೆಂಟಿನ ಮಿಣುಕೂ ಅಲ್ಲ ಎಂದಾಗ ಎಸ್.ಎಂ.ಪಿ.ಎಸ್. ಮೇಲೆ ಸಂಶಯ ಪಡಬೇಕು. ಅದರೊಳಗಿನ ಕೆಪಾಸಿಟರುಗಳ ಆಯುಸ್ಸು ಉಷ್ಣಮಾನ ಹತ್ತು ಡಿಗ್ರಿ ಏರಿದಂತೆಲ್ಲ ಅರ್ಧಕ್ಕರ್ಧ ಇಳಿಯುತ್ತದೆಂಬುದು ತಂತ್ರಜ್ಞರ ಲೆಕ್ಕ. ಆದರೆ ಆ ಪೆಟ್ಟಿಗೆಯನ್ನು ಮನೆಯಲ್ಲಿ ಯಾರೂ ಬಿಚ್ಚಬಾರದು; ಪ್ಲಗ್ಗು ಕಿತ್ತ ಮೇಲೂ ಅದರೊಳಗೆ ೩೦೦ ವೋಲ್ಟಿಗೆ ಮೀರಿದ ವಿದ್ಯುತ್ತು ತುಸುಕಾಲ ಉಳಿದಿರಬಹುದು. ಅದನ್ನು ದುರಸ್ತಿಗಿಂತ ಬದಲಿಸುವುದೇ ಕ್ಷೇಮ. ಆರುವ ಮೊದಲು ನೀಲಿ ಪರದೆಯ ಮೇಲೆ ಅಕ್ಷರಗಳು ಮೂಡಿದರೆ ಅದು ಬೇರೆ ಜಾತಿಯ ರೋಗ. ಸ್ಮೃತಿಯ ಚಿಪ್ಪನ್ನೋ ಕಾರ್ಯಕ್ರಮಗಳನ್ನೋ ಆಗ ಪರೀಕ್ಷಿಸಬೇಕು. ವಿಂಡೋಸ್ ಯಂತ್ರಗಳ ದಿನಚರಿಯಲ್ಲಿ 'ಕರ್ನೆಲ್ ಪವರ್ ೪೧' ಎಂಬ ನಮೂದನ್ನು ಕಂಡು ಬೆದರುವವರುಂಟು. ಯಂತ್ರ ಕ್ರಮವಾಗಿ ಮುಚ್ಚದೆ ಆರಿತೆಂದಷ್ಟೇ ಅದರ ಅರ್ಥ. ಅದು ಮರಣದ ದಾಖಲೆಯೇ ಹೊರತು ಕಾರಣದ ದಾಖಲೆಯಲ್ಲ. ಕಾರಣ ಬೇಕಾದರೆ ಐದು ಕಲಮಿನ ನೋಟುಪುಸ್ತಕವೇ ಬೇಕು.

ಆ ಪುಸ್ತಕವನ್ನು ಮಗಳು ತಂದೆಯ ಮೇಜಿನ ಮೇಲೆ ತೆರೆದಿಟ್ಟು ಏನೂ ಹೇಳದೆ ಹೋದಳು. ಮೂವತ್ತು ವರ್ಷ ಉತ್ತರಪತ್ರಿಕೆಗಳನ್ನು ತಿದ್ದಿದ ಕೈ ಅವರದು. ಹನ್ನೊಂದೂ ಸಾಲುಗಳನ್ನು ಓದಿದರು. ಮಗ ಶಹಾಪುರದಲ್ಲೇ ಇರದ ಎರಡು ದಿನಗಳಲ್ಲಿಯೂ ಯಂತ್ರ ಆರಿದ್ದನ್ನು ಕಂಡರು. ಕೆಂಪು ಪೆನ್ನು ತೆಗೆದು ಕೆಳಗೆ, "ಇನ್ವರ್ಟರಿನ ಗುಂಡಿ ತಿರುಗಿಸಿದ್ದು ನಾನು," ಎಂದು ಬರೆದು ಸಹಿ ಹಾಕಿದರು. ಆ ಭಾನುವಾರ ಬೆಳಗ್ಗೆ ತಗಡು ಬಿಚ್ಚಿ ಧೂಳು ತೆಗೆಯಲು ಕುಳಿತಾಗ ಫ್ಯಾನಿನ ಎಸಳು ಹಿಡಿದುಕೊಳ್ಳಲು ಅವರು ಮಗನನ್ನೇ ಕರೆದರು.